ಕಾಪುವಿನಿಂದ ಹೆಬ್ರಿಗೆ, ಇಳಿಯದೆ

ವಿಹಾರಕ್ಕೆಂದು ಸೈಕಲ್ ತುಳಿಯುವವರ ವಿರುದ್ಧ ನನ್ನ ಬಳಿ ಒಂದು ಸಿದ್ಧ ವಾದವಿತ್ತು. ಕಾರು ಇರುವವರಿಗೆ ಮಾತ್ರ ಸೈಕಲ್ ಹವ್ಯಾಸ. ಸೈಕಲ್ ಬಿಟ್ಟರೆ ಗತಿಯಿಲ್ಲದವರಿಗೆ ಅದು ಬರೀ ಸೈಕಲ್. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ಮಾತಿಗೆ ಚಪ್ಪಾಳೆ ಬೀಳುತ್ತದೆ. ಉಡುಪಿಯ ಕಡಿಯಾಳಿಯ ನಮ್ಮ ಮನೆಯಲ್ಲಿ ಬೀಳಲಿಲ್ಲ.

"ನನ್ನ ಅಪ್ಪನಿಗೆ ಸೈಕಲ್ ಬಿಟ್ಟರೆ ಗತಿ ಇರಲಿಲ್ಲ," ಎಂದರು ಅತ್ತಿಗೆ, ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತಾ. "ಆದರೂ ಇಳಿಜಾರು ಬಂದರೆ ಎರಡೂ ಕೈ ಬಿಟ್ಟು ಹೋಗುತ್ತಿದ್ದರು. ಅದಕ್ಕೆ ಎಂತ ಹೇಳುತ್ತೀ ನೀನು?"

ಅಲ್ಲಿಗೆ ನನ್ನ ವಾದ ಬಿದ್ದುಹೋಯಿತು. ನಮ್ಮ ಮನೆಯ ಮಾತು ತುಳು. ಇಲ್ಲಿ ಬರೆಯುವಾಗ ಕನ್ನಡವಾಗಿದೆ. ಆದರೆ ಸೋಲು ಯಾವ ಭಾಷೆಯಲ್ಲಾದರೂ ಒಂದೇ.

ಅತ್ತಿಗೆ ನನ್ನ ಅಣ್ಣನ ಹೆಂಡತಿ, ಕಾಪುವಿನ ಕಡಲ ಬದಿಯವರು. ಮಣಿಪಾಲದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಅವರ ಅಪ್ಪ ಮೊಣಕಾಲು ಕೈಕೊಡುವವರೆಗೆ ಸೈಕಲ್ಲಿನ ಹಿಂದೆ ಐಸ್ ತುಂಬಿದ ಮೀನಿನ ಪೆಟ್ಟಿಗೆ ಕಟ್ಟಿಕೊಂಡು, ರಬ್ಬರ್ ಹಾರ್ನ್ ಒತ್ತುತ್ತಾ ಶಿರ್ವ, ಬೆಳ್ಮಣ್ ಕಡೆ ಮನೆಮನೆಗೆ ಮೀನು ಮಾರಿದವರು. ಬಲೆಗೆ ಮೀನು ಹೆಚ್ಚು ಬಿದ್ದ ದಿನ ಸೈಕಲ್ಲನ್ನೇ ಬಸ್ಸಿನ ಮೇಲೆ ಹಾಕಿ ಕಾರ್ಕಳದಲ್ಲಿ ಇಳಿಸಿ, ಅಜೆಕಾರು, ಮುನಿಯಾಲಿನತ್ತ ತುಳಿಯುತ್ತಿದ್ದರಂತೆ. ಆ ಸೈಕಲ್ಲಿನಲ್ಲೇ ಅತ್ತಿಗೆ ಕಡಲಿನ ಇಳಿತದ ಹೊತ್ತಿನ ಒದ್ದೆ ಮರಳಿನ ಮೇಲೆ ತುಳಿಯಲು ಕಲಿತದ್ದು.

ಈಗ ಅವರಿಗೆ ಒಂದು ಆಸೆ ಹತ್ತಿತ್ತು. ಮಣಿಪಾಲದಲ್ಲಿ ಸೈಕಲ್ ಪ್ರವಾಸದ ಗುಂಪೊಂದಿದೆ. ವೈದ್ಯರು, ಮೇಷ್ಟ್ರುಗಳು, ಹೋಟೆಲಿನವರು, ಎಲ್ಲರೂ ಗಂಡಸರು. ಅಲ್ಲಿ ಹೆಂಗಸರದ್ದೇ ಒಂದು ಬ್ಯಾಚ್ ಶುರು ಮಾಡಿ ತಾನೇ ಮುಂದೆ ನಿಂತು ನಡೆಸಬೇಕು ಎಂಬುದು ಅತ್ತಿಗೆಯ ಆಸೆ. ಲ್ಯಾಬಿನ ಗೆಳತಿಯರು ಆಗಲೇ ಸೈಕಲ್ ಕೊಂಡು ಕಾಯುತ್ತಿದ್ದರು. ಗುಂಪಿನ ಹಿರಿಯರು ಒಬ್ಬ ಹಲ್ಲಿನ ಡಾಕ್ಟರು. ಒಳ್ಳೆಯವರು, ಆದರೆ ನಿಯಮದ ಮನುಷ್ಯ. ಬ್ಯಾಚ್ ನಡೆಸುವವರು ಮೊದಲು ಕಾಪುವಿನ ಕಡಲಿನಿಂದ ಘಟ್ಟದ ಬುಡದ ಹೆಬ್ರಿಯವರೆಗೆ ಒಂದೇ ದಿನದಲ್ಲಿ ತುಳಿದು ತೋರಿಸಬೇಕು ಎಂದರು. ಹಿಂದಿನಿಂದ ಗುಂಪಿನ ವ್ಯಾನ್ ತಡವಾಗಿ ಹೊರಟು, ಒಂದೇ ನಿಧಾನ ವೇಗದಲ್ಲಿ ಬರುತ್ತದೆ. ವ್ಯಾನ್ ಯಾರನ್ನು ದಾಟಿ ಹೋಗುತ್ತದೋ ಅವರು ಸೈಕಲ್ಲನ್ನು ಅದರ ಮೇಲೆ ಹಾಕಿ ಒಳಗೆ ಕೂರಬೇಕು. ಕೂತರೆ ಆ ಸವಾರಿ ಲೆಕ್ಕಕ್ಕಿಲ್ಲ, ಬ್ಯಾಚೂ ಇಲ್ಲ.

"ಗಂಡಸರಿಗೂ ಈ ಪರೀಕ್ಷೆ ಇತ್ತಾ ಡಾಕ್ಟ್ರೇ?" ಎಂದು ನಾನು ಕೇಳಿದೆ. ಇರಲಾರದು ಎಂದುಕೊಂಡು ಮುಂದಿನ ನಾಲ್ಕು ವಾಕ್ಯ ಸಿದ್ಧ ಮಾಡಿಟ್ಟಿದ್ದೆ.

"ಇತ್ತು. ನಾನೇ ಮೊದಲ ಸಲ ಅಜೆಕಾರಿನಲ್ಲಿ ವ್ಯಾನ್ ಹತ್ತಿದ್ದೇನೆ," ಎಂದರು ಡಾಕ್ಟರು. ನಾಲ್ಕೂ ವಾಕ್ಯ ದಂಡವಾಯಿತು.

ಮಟ್ಟುವಿನ ಗುಳ್ಳ ಬದನೆಯ ಗದ್ದೆಗಳ ನಡುವಿನ ಚಪ್ಪಟೆ ರಸ್ತೆಯಲ್ಲಿ ಕೆಲವು ವಾರ ಅಭ್ಯಾಸ ಮಾಡಿ, ಮಳೆ ಪೂರ್ತಿ ನಿಂತ ಮೇಲೆ ಒಂದು ಭಾನುವಾರ ಹೊರಟೆವು. ನಾದಿನಿಯಾದ ನಾನು ಹೋದದ್ದು ಅನುಮಾನಿಸುವುದಕ್ಕೆ. ಬಾಡಿಗೆ ಸೈಕಲ್, ಎರವಲು ಹೆಲ್ಮೆಟ್, ಸ್ವಂತ ಅಭಿಪ್ರಾಯ.

ಶಿರ್ವ ದಾಟುವವರೆಗೂ ನನ್ನ ಅಭಿಪ್ರಾಯ ಗಟ್ಟಿಯಾಗಿತ್ತು. ಆಮೇಲೆ ಪದವು ಬಂತು. ನಮ್ಮ ಕಡೆ ಪದವು ಎಂದರೆ ಗುಡ್ಡದ ನೆತ್ತಿಯ ಕೆಂಪು ಮುರಕಲ್ಲಿನ ಬಯಲು. ಬೇಸಿಗೆಯಲ್ಲಿ ಕಾದ ಕಾವಲಿ. ಮಳೆ ಮುಗಿದ ಕೆಲವೇ ವಾರ ಮಾತ್ರ ಅದಕ್ಕೆ ಬೇರೆ ಜನ್ಮ. ಕಲ್ಲಿನ ಮೇಲೆ ಮೊಣಕಾಲೆತ್ತರದ ಹುಲ್ಲು, ಹುಲ್ಲಿನ ನಡುವೆ ನಿಂತ ನೀರು, ನೀರಿನ ಅಂಚಿಗೆ ಸಾಸಿವೆಯಷ್ಟು ಸಣ್ಣ ನೀಲಿ ಹೂಗಳು. ಯಾರೂ ನೆಟ್ಟದ್ದಲ್ಲ, ಯಾರೂ ಬೇಲಿ ಹಾಕಿಲ್ಲ. ನಗರಗಳಲ್ಲಿ ಟಿಕೆಟ್ ಇಟ್ಟು ತೋರಿಸುವ ಯಾವ ಪಾರ್ಕಿಗೂ ಇಷ್ಟು ಆಕಾಶ ಸಿಕ್ಕಿಲ್ಲ. ಪೂರ್ವಕ್ಕೆ ಘಟ್ಟ ಮಸುಕಾಗಿ ಕಾಣುತ್ತಿತ್ತು. ಇದೇ ರಸ್ತೆಯಲ್ಲಿ ನಾನು ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೆ. ಬಸ್ಸಿನ ಕಿಟಕಿಯಲ್ಲಿ ಪದವು ಇರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಇದ್ದದ್ದು ನನಗೆ ಗೊತ್ತಿರಲಿಲ್ಲ ಎಂದರೆ ನಿಜ.

ಪದವಿನ ಕೊನೆಯಲ್ಲಿ ಇರುವ ಮೊದಲ ಮನೆಯ ಗೇಟಿನ ಬಳಿ ಒಬ್ಬ ಹೆಂಗಸು ತಟ್ಟೆ ಹಿಡಿದು ನಿಂತಿದ್ದರು.

"ಬಾ ಮಗಾ, ಒಳಗೆ ಬಾ. ನಿನ್ನ ಅಪ್ಪ ಫೋನ್ ಮಾಡಿದ್ದರು."

ಅತ್ತಿಗೆಯ ಅಪ್ಪ ಒಂದೇ ಮನೆಗೆ ಫೋನ್ ಮಾಡಿರಲಿಲ್ಲ. ತಾನು ಮೀನು ಕೊಟ್ಟ ದಾರಿಯ ಅಷ್ಟೂ ಮನೆಗಳಿಗೆ ಮಗಳು ಸೈಕಲ್ಲಿನಲ್ಲಿ ಬರುತ್ತಾಳೆ ಎಂದು ತಿಳಿಸಿದ್ದರು. ಮಗಳ ಮೇಲಿನ ಹೆಮ್ಮೆಯಿಂದ ಮಾಡಿದ್ದು, ನಿಜ. ಆದರೆ ನಮ್ಮ ಊರಿನಲ್ಲಿ ಬರುತ್ತೇನೆಂದು ಮೊದಲೇ ಹೇಳಿ ಮನೆಯ ಮುಂದಿನಿಂದ ಹಾಗೇ ದಾಟಿ ಹೋಗುವುದು ಉಂಟೇ? ಬೆಲ್ಲ ನೀರು ಕುಡಿಯಬೇಕು, ಜಗಲಿಯಲ್ಲಿ ಕೂರಬೇಕು, ಕೂತರೆ ತಿನ್ನಬೇಕು, ತಿಂದರೆ ಸಂಬಂಧಿಕರ ಮಂಡಿನೋವು, ಮದುವೆ, ದುಬೈ ಎಲ್ಲ ಕೇಳಬೇಕು. ಅಷ್ಟರಲ್ಲಿ ವ್ಯಾನ್ ಹೆಬ್ರಿ ಮುಟ್ಟಿರುತ್ತದೆ.

ಅತ್ತಿಗೆ ಬ್ರೇಕ್ ಹಿಡಿದು, ಒಂದು ಕಾಲನ್ನು ಗೇಟಿನ ಪಕ್ಕದ ಕಟ್ಟೆಯ ಮೇಲಿಟ್ಟರು. ಇನ್ನೊಂದು ಕಾಲು ಪೆಡಲ್ ಬಿಡಲಿಲ್ಲ.

"ಅಕ್ಕ, ಅಪ್ಪ ನಿಮ್ಮಲ್ಲಿ ಎಲ್ಲಿ ನಿಂತು ನೀರು ಕುಡಿಯುತ್ತಿದ್ದರು?"

"ಇಲ್ಲೇ. ಸೈಕಲ್ಲಿನಲ್ಲೇ."

"ನನಗೂ ಇಲ್ಲೇ ಕೊಡಿ."

ಪುನರ್ಪುಳಿ ಶರಬತ್ತು ಕಟ್ಟೆಗೇ ಬಂತು. ಅತ್ತಿಗೆ ಕುಡಿದು, ಗೋಳಿಬಜೆ ಎರಡನ್ನು ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟರು. ಅವಮಾನ ಆಗಲಿಲ್ಲ, ಹೊತ್ತೂ ಹೋಗಲಿಲ್ಲ. ಎದುರಾಳಿಯ ಬಾಯಿಂದಲೇ ಸಾಕ್ಷಿ ಹೇಳಿಸಿ ಗೆಲ್ಲುವ ಇಂಥ ಪಟ್ಟನ್ನು ನನಗೆ ಚರ್ಚಾಸ್ಪರ್ಧೆಗೆ ಎರಡು ವರ್ಷ ತರಬೇತಿ ಕೊಟ್ಟವರೂ ಕಲಿಸಿರಲಿಲ್ಲ.

ನನಗೆ ಅದರಲ್ಲಿ ಇನ್ನೊಂದು ಅರ್ಥ ಕಂಡಿತು. ಮುಂದಿನ ಏರಿನಲ್ಲಿ ಏದುಸಿರು ಬಿಡುತ್ತಲೇ ಹೇಳಿದೆ: "ಅತ್ತಿಗೆ, ಅವರು ನಿಮ್ಮ ಅಪ್ಪನನ್ನು ಒಳಗೆ ಕರೆದೇ ಇರಲಿಕ್ಕಿಲ್ಲ. ಮೀನಿನವರು ಅಂತ. ಅದನ್ನು ನೀವು ಸರಿಯಾಗಿ ಕುಟುಕಿದ್ದೀರಿ."

"ಐಸ್ ಕರಗುತ್ತಿತ್ತು ಮಾರಾಯ್ತಿ. ಅಪ್ಪನಿಗೆ ಇಳಿಯಲು ಪುರುಸೊತ್ತು ಇರಲಿಲ್ಲ." ಏರಿಗೆ ಗೇರ್ ಬದಲಿಸಿದರು. ಆಮೇಲೆ, "ನೀನು ಹೇಳಿದ್ದೂ ಕೆಲವು ಮನೆಗಳಲ್ಲಿ ಇದ್ದಿರಬಹುದು. ಯಾವ ಮನೆ ಅಂತ ಯೋಚಿಸುತ್ತಾ ನಿಂತರೆ ವ್ಯಾನ್ ಬರುತ್ತದೆ."

ಬೆಳ್ಮಣ್ಣಿನಲ್ಲಿ ಎರಡು ಮನೆ, ನಿಟ್ಟೆಯ ಹತ್ತಿರ ಒಂದು. ಎಲ್ಲ ಕಡೆಯೂ ಅದೇ ಪ್ರಶ್ನೆ, ಅದೇ ಉತ್ತರ, ಕಟ್ಟೆಯ ಮೇಲೆ ಒಂದು ಕಾಲು. ಕಾರ್ಕಳದಲ್ಲಿ ಗೊಮ್ಮಟ ಬೆಟ್ಟ ಕಂಡಾಗ ನನ್ನ ತೊಡೆಗಳು ನನ್ನ ಪಕ್ಷ ತೊರೆದವು. ಆನೆಕೆರೆಯ ದಂಡೆಯಲ್ಲಿ ಕೂತು ವ್ಯಾನಿಗೆ ಕಾದೆ. ಅತ್ತಿಗೆ ಎಳನೀರು ಕುಡಿದು ಮುಂದೆ ಹೋದರು. ಅಲ್ಲಿಂದ ಮುಂದಿನದೆಲ್ಲ ನಾನು ನೋಡಿದ್ದು ವ್ಯಾನಿನ ಮುಂದಿನ ಗಾಜಿನಿಂದ, ಡಾಕ್ಟರ ಪಕ್ಕ ಕೂತು; ಆ ದಿನ ವ್ಯಾನ್ ಓಡಿಸುತ್ತಿದ್ದವರು ಅವರೇ.

ಸೋತವರ ಸೀಟಿನಿಂದ ನೋಟ ಚೆನ್ನಾಗಿರುತ್ತದೆ ಎಂದು ನನಗೆ ಗೊತ್ತಾದದ್ದು ಅಂದು. ಅಜೆಕಾರಿನ ನಂತರ ರಸ್ತೆ ಕಾಡಿನ ಅಂಚಿಗೆ ಹೋಗುತ್ತದೆ. ಏರು, ಇಳಿತ, ಹರಿಯುವ ತೋಡು, ಮತ್ತೆ ಏರು. ಬೆಳಿಗ್ಗೆ ಹೊಗೆಯಂತಿದ್ದ ಘಟ್ಟಕ್ಕೆ ಈಗ ಮರಗಳು ಬಂದಿದ್ದವು, ಬಂಡೆಗಳು ಬಂದಿದ್ದವು, ಎಲ್ಲೋ ಮೇಲೆ ನೀರಿನ ಒಂದು ಬಿಳಿ ಗೆರೆಯೂ ಬಂದಿತ್ತು. ಅದರ ಕೆಳಗೆ ಕೆಂಪು ಟೀಶರ್ಟಿನ ಒಂದು ಬೆನ್ನು. ಏರಿನಲ್ಲಿ ಅತ್ತಿಗೆ ಸೀಟಿನಿಂದ ಏಳುತ್ತಿರಲಿಲ್ಲ, ಅತ್ತಿತ್ತ ವಾಲುತ್ತಿರಲಿಲ್ಲ. ಸಣ್ಣ ಗೇರಿನಲ್ಲಿ ಹೊಲಿಗೆ ಮೆಷಿನ್ ತುಳಿಯುವವರ ಹಾಗೆ ಒಂದೇ ಸಮನೆ ತುಳಿಯುತ್ತಿದ್ದರು. ಇಳಿಜಾರಿನಲ್ಲಿ ಬ್ರೇಕಿಗೆ ಕೈ ಹೋಗುತ್ತಿರಲಿಲ್ಲ. ಇದು ಹವ್ಯಾಸವೇ, ಅಗತ್ಯವೇ ಎಂದು ವಿಂಗಡಿಸುವ ಉತ್ಸಾಹ ನನಗೆ ಉಳಿದಿರಲಿಲ್ಲ. ನೋಡುತ್ತಾ ಇದ್ದರೆ ಸಾಕಿತ್ತು.

ಆದರೆ ಆ ಬೆನ್ನು ಹತ್ತಿರವಾಗುತ್ತಿತ್ತು. ಮಧ್ಯಾಹ್ನದ ಬಿಸಿಲು, ಅಷ್ಟು ಮನೆಗಳ ಶರಬತ್ತು. ಅತ್ತಿಗೆ ನಿಧಾನವಾಗುತ್ತಿದ್ದರು.

"ಡಾಕ್ಟ್ರೇ, ಸ್ವಲ್ಪ ನಿಲ್ಲಿಸಿದರೆ ಆ ನೀರಿನ ಫೋಟೋ ತೆಗೆಯಬಹುದಿತ್ತು."

"ವಾಪಸ್ ಬರುವಾಗ ತೆಗೆ."

"ಬೆಳಕು ಹೋಗಿರುತ್ತದೆ."

"ನೀನು ವಾದ ಮಾಡು, ನಾನು ಗಾಡಿ ಓಡಿಸುತ್ತೇನೆ," ಎಂದರು ಡಾಕ್ಟರು. ವೇಗ ಹೆಚ್ಚಿಸಲೂ ಇಲ್ಲ, ಇಳಿಸಲೂ ಇಲ್ಲ. ಪ್ರಾಮಾಣಿಕ ಮನುಷ್ಯರೊಡನೆ ಇದೇ ತೊಂದರೆ.

ಮುನಿಯಾಲಿನ ಹತ್ತಿರ ಕೊನೆಯ ಮನೆ. ರಸ್ತೆಗೇ ತಾಗಿದ ಜಗಲಿ, ಅಂಚಿನಲ್ಲಿ ಒಬ್ಬ ಮುದುಕಿ. ಅತ್ತಿಗೆ ಕಾಲು ಊರಿ ನಿಂತರು. ನಮ್ಮ ವ್ಯಾನ್ ಅವರ ಹಿಂದೆಯೇ ಬಂದು, ಎದುರಿನಿಂದ ಬರುತ್ತಿದ್ದ ಬಸ್ಸಿಗೆ ದಾರಿ ಕೊಡಲು ನಿಂತಿತು. ಬಸ್ಸು ಹೋದ ಕೂಡಲೇ ನಾವು ದಾಟುತ್ತೇವೆ, ಅಲ್ಲಿಗೆ ಮುಗಿಯಿತು. ಕಿಟಕಿ ತೆರೆದಿತ್ತು, ಮಾತೆಲ್ಲ ಕೇಳುತ್ತಿತ್ತು.

ಅತ್ತಿಗೆ ತಮ್ಮ ಪ್ರಶ್ನೆ ಕೇಳಿದರು. ಮುದುಕಿ ತಲೆ ಆಡಿಸಿದರು.

"ಹೌದು, ಅವನು ಇಲ್ಲೇ ನಿಲ್ಲುತ್ತಿದ್ದ. ಪ್ರತಿ ಸಲ ಕರೆದೆ, ಒಂದು ಸಲವೂ ಒಳಗೆ ಬರಲಿಲ್ಲ. ಅವನಂತೂ ಬರಲಿಲ್ಲ, ನೀನಾದರೂ ಬಾ."

ಪಟ್ಟು ತಿರುಗಿ ಬಿದ್ದಿತ್ತು. ಅತ್ತಿಗೆ ಜಗಲಿಯನ್ನು ನೋಡಿದರು, ಹಿಂದೆ ವ್ಯಾನನ್ನು ನೋಡಿದರು. ಇಳಿದುಬಿಡುತ್ತಾರೆ ಎಂದುಕೊಂಡೆ. ನಾನಾಗಿದ್ದರೆ ಏನಾದರೊಂದು ನೆವ ಹೇಳುತ್ತಿದ್ದೆ. ಅತ್ತಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದರು.

"ಅಜ್ಜಿ, ನಾನು ಈಗ ಇಳಿದರೆ ಈ ವ್ಯಾನ್ ದಾಟಿ ಹೋಗುತ್ತದೆ. ಹೋದರೆ ನಮ್ಮ ಹೆಂಗಸರ ಸವಾರಿಗೆ ಇವರು ಒಪ್ಪುವುದಿಲ್ಲ. ಒಪ್ಪಿದರೆ ಎಲ್ಲರನ್ನೂ ಕರೆದುಕೊಂಡು ಬಂದು ನಿಮ್ಮ ಜಗಲಿಯಲ್ಲೇ ಊಟಕ್ಕೆ ಕೂರುತ್ತೇನೆ."

"ವ್ಯಾನ್ ಓಡಿಸುವುದು ಯಾರು?"

"ಹಲ್ಲಿನ ಡಾಕ್ಟರು."

ಮುದುಕಿ ಬೆಲ್ಲದ ತಟ್ಟೆಯನ್ನೂ ನೀರಿನ ಚೊಂಬನ್ನೂ ಎತ್ತಿಕೊಂಡು ಅತ್ತಿಗೆಯನ್ನು ದಾಟಿ ಬಂದರು. ವ್ಯಾನಿನ ಮುಂದೆ, ಸರಿಯಾಗಿ ನಡುವಿನಲ್ಲಿ ನಿಂತರು.

"ಡಾಕ್ಟ್ರೇ, ಮನೆಯ ಬಾಗಿಲಿಗೆ ಬಂದಿದ್ದೀರಿ. ಇಳಿಯಿರಿ."

"ಇಲ್ಲಮ್ಮ, ಇನ್ನೊಮ್ಮೆ. ಹೆಬ್ರಿಗೆ ಹೋಗಲಿಕ್ಕುಂಟು."

"ಹೆಬ್ರಿ ಎಲ್ಲಿಗೂ ಹೋಗುವುದಿಲ್ಲ. ನನಗೆ ಹಲ್ಲು ಇಲ್ಲ ಅಂತ ನನ್ನ ಮನೆಯ ನೀರೂ ಬೇಡವಾ ನಿಮಗೆ?"

ಡಾಕ್ಟರು ನನ್ನನ್ನು ನೋಡಿದರು. ನಾನು ಘಟ್ಟವನ್ನು ನೋಡಿದೆ. ಬೆಲ್ಲ ನೀರು ಹಿಡಿದು ನಿಂತ ಮುದುಕಿಯ ಮುಂದೆ ಹಾರ್ನ್ ಹಾಕುವ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಎಂಜಿನ್ ನಿಂತಿತು.

ಜಗಲಿಯಲ್ಲಿ ನಮಗೆ ಬೆಲ್ಲ ನೀರು ಸಿಕ್ಕಿತು. ನೀರುದೋಸೆ ಸಿಕ್ಕಿತು. ಡಾಕ್ಟರು ಕೈ ಅಡ್ಡ ಹಿಡಿದಷ್ಟೂ ದೋಸೆ ಬಂತು. ಮುದುಕಿಯ ಸೊಸೆಯ ದವಡೆ ಹಲ್ಲನ್ನು ಟಾರ್ಚ್ ಬೆಳಕಿನಲ್ಲಿ ನೋಡಿದ್ದೂ ಆಯಿತು. ಕೆಂಪು ಟೀಶರ್ಟು ತಿರುವಿನಲ್ಲಿ ಕಣ್ಮರೆಯಾಗಿ ಬಹಳ ಹೊತ್ತಾಗಿತ್ತು.

ವ್ಯಾನ್ ಮತ್ತೆ ಹೊರಟ ಮೇಲೆ ಡಾಕ್ಟರು ಹೇಳಿದರು, "ಇದು ನ್ಯಾಯವಾ, ನೀನೇ ಹೇಳು."

"ಅತ್ತಿಗೆ ದಾರಿಯಲ್ಲಿದ್ದ ಎಲ್ಲ ಮನೆಯವರನ್ನೂ ದಾಟಿದರು. ನಿಮಗೆ ಒಂದೇ ಮನೆ ದಾಟಲು ಆಗಲಿಲ್ಲ," ಎಂದೆ.

ಹೆಬ್ರಿಯ ಪೇಟೆ ಬಂತು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನ ಮುಂದೆ ಅತ್ತಿಗೆ ನಿಂತಿದ್ದರು; ಸೈಕಲ್ಲಿನ ಮೇಲೆಯೇ, ಹೋಟೆಲಿನ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು, ರಾಣಿಯ ಹಾಗೆ. ಡಾಕ್ಟರು ಹತ್ತಿರ ಹೋದರೂ ಇಳಿಯಲಿಲ್ಲ.

"ಬ್ಯಾಚ್ ಶುರು ಮಾಡಿ," ಎಂದರು ಡಾಕ್ಟರು. "ಆದರೆ ನಿಮಗೂ ಒಂದು ವ್ಯಾನ್ ನೋಡಬೇಕು. ಓಡಿಸಲು ಯಾರಿದ್ದಾರೆ?"

"ನಮಗೆ ವ್ಯಾನ್ ಬೇಡ ಡಾಕ್ಟ್ರೇ. ಸುಸ್ತಾದವರು ಯಾವುದಾದರೂ ಮನೆಯಲ್ಲಿ ಕೂತಿರುತ್ತಾರೆ. ಸಂಜೆ ಬಸ್ಸು ಉಂಟು, ಸೈಕಲ್ ಬಸ್ಸಿನ ಮೇಲೆ."

ನಿಯಮದ ಮನುಷ್ಯ ಅದನ್ನು ತುಂಬ ಹೊತ್ತು ಯೋಚಿಸಿದರು. "ದಾರಿಯ ಮನೆಯವರಿಗೆ ಮೊದಲೇ ಹೇಳಬೇಕಾಗುತ್ತದೆ," ಎಂದರು ಕೊನೆಗೆ. ಒಪ್ಪಿಗೆ ಎಂದರೆ ಅದೇ. ಇಷ್ಟೆಲ್ಲ ಆಗುವಾಗಲೂ ಅತ್ತಿಗೆ ಸೀಟಿನಿಂದ ಕದಲದೆ ಮೇಲಿನಿಂದಲೇ ಮಾತಾಡಿದ ಗತ್ತು ನನಗೆ ಬಹಳ ಹಿಡಿಸಿತು. ಅದನ್ನು ಹೇಳೋಣವೆಂದು ಹತ್ತಿರ ಹೋದೆ.

"ಡಾಕ್ಟರು ಒಳಗೆ ಹೋದರಾ?" ಅತ್ತಿಗೆ ತುಟಿ ಅಲುಗಿಸದೆ ಕೇಳಿದರು.

"ಹೋದರು. ಕಾಫಿಗೆ ಹೇಳುತ್ತಿದ್ದಾರೆ."

"ಹಾಗಾದರೆ ನನ್ನನ್ನು ಹಿಡಿದುಕೋ ಮಾರಾಯ್ತಿ. ಆಗಿನಿಂದ ಕಾಲು ಎತ್ತಲಿಕ್ಕೇ ಆಗುತ್ತಿಲ್ಲ."

ನಾನು ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಅವರ ಸೊಂಟ ಹಿಡಿದೆ. ಅತ್ತಿಗೆ ನನ್ನ ಹೆಗಲ ಮೇಲೆ ಪೂರ್ತಿ ಭಾರ ಬಿಟ್ಟು, ಹಲ್ಲು ಕಚ್ಚಿ, ನಗುತ್ತಾ ಇಳಿದರು.