ಕಣ್ಣೊಳಗಿನ ಕಿಟಕಿ

ಭಾವಚಿತ್ರ ಕೈಗೆ ಬಂದರೆ ಜನ ಮೂಗು, ಮೀಸೆ, ಜರಿಯಂಚು ನೋಡುತ್ತಾರೆ. ನಾನು ಮಾತ್ರ ಕಣ್ಣಿನ ಕರಿಗುಡ್ಡೆಯಲ್ಲಿ ಸಾಸಿವೆಕಾಳಿನಷ್ಟು ಬೆಳಕು ಕೂತಿದೆಯೇ ಎಂದು ಹುಡುಕುತ್ತೇನೆ. ಆ ಬಿಳಿ ಬಿಂದುವಿಲ್ಲದಿದ್ದರೆ ಎಂಥ ಶೂರನೂ, ಭಾವ ಹೋಗಿ ಬರೀ ಚಿತ್ರವಾಗಿ ಉಳಿಯುತ್ತಾನೆ. ಈ ಹುಚ್ಚು ನನಗೆ ಅಂಟಿದ್ದು ಪುಣೆಯಲ್ಲಿ, ಬುಧವಾರ ಪೇಠೆಯ ಫೋಟೋಗ್ರಾಫರ್ ಗೋವಿಂದರಾಯರಿಂದ.

ಬೆಳಗಾವಿ ಕಡೆಯವರಾದ ಅವರ ಸ್ಟುಡಿಯೋದಲ್ಲಿ ಉತ್ತರಕ್ಕೊಂದು ದೊಡ್ಡ ಗಾಜಿನ ಕಿಟಕಿಯಿತ್ತು. ಎದುರು ಕೂತವರ ಕಣ್ಣಲ್ಲಿ ಆ ಕಿಟಕಿಯೇ ಪುಟ್ಟದಾಗಿ ಮೂಡುತ್ತಿತ್ತು. ನಾನಾಗ ಪುಣೆಯ ಪಕ್ಕದ ಖಡಕಿಯಲ್ಲಿ ಗುಮಾಸ್ತ. ತಂದೆಯಿಲ್ಲದ ಮನೆಯಲ್ಲಿ ತಂಗಿ ಗಂಗೂಳ ಮದುವೆಯ ಹೊಣೆ ನನ್ನದು. ಚಿಕ್ಕಂದಿನಲ್ಲಿ ಬಂದ ಸಿಡುಬು ಅವಳ ಎಡಗಣ್ಣಿನ ಮೇಲೆ ಬೂದುಬಣ್ಣದ ಪೊರೆಯೊಂದನ್ನು ಬಿಟ್ಟುಹೋಗಿತ್ತು. ವರನ ಕಡೆಗೆ ಕಳಿಸಲು ಫೋಟೋ ಬೇಕಾಗಿ ಅವಳನ್ನು ರಾಯರಲ್ಲಿಗೆ ಕರೆದೊಯ್ದೆ. ಅವಳು ಹೊರಗೆ ಜಡೆ ಸರಿಪಡಿಸಿಕೊಳ್ಳುತ್ತಿದ್ದಾಗ, ನೆಗೆಟಿವಿನ ಗಾಜಿನ ಪ್ಲೇಟಿನ ಮೇಲೆ, ಅಚ್ಚಿನಲ್ಲಿ ಬಿಳಿಯಾಗಿ ಬರುವಂತೆ, ಪೆನ್ಸಿಲಿನಿಂದ ಚುಕ್ಕೆಯಿಟ್ಟು ಆ ಕಣ್ಣಿಗೂ ಒಂದು ಬೆಳಕು ಕೂಡಿಸಿಬಿಡಿ ಎಂದು ಪಿಸುಗುಟ್ಟಿದೆ.

ರಾಯರು ಪಿಸುಗುಟ್ಟುವ ಮನುಷ್ಯರಲ್ಲ. "ತಂಗೀ, ನಿಮ್ಮಣ್ಣ ಹಿಂಗಂತಾರ. ನೀ ಏನಂತೀಯವ್ವಾ?" ಎಂದು ಅವಳು ಒಳಗೆ ಬಂದೊಡನೆ ನನ್ನೆದುರೇ ಕೇಳಿಬಿಟ್ಟರು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಗಂಗೂ ಜಡೆಯನ್ನು ಬೆನ್ನಿಗೆ ಹಾಕಿಕೊಂಡಳು. "ಬ್ಯಾಡ್ರಿ. ಸುಳ್ಳು ಬೆಳಕು ಮುಂದ ಕಳಿಸಿದ್ರ, ಅದರ ಹಿಂದ ಹೋಗಾಕಿ ನಾನ ಅಲ್ಲೇನ್ರಿ?"

ಬೇರೆಯವರಾಗಿದ್ದರೆ ಅವಳ ಬಲಗೆನ್ನೆಯನ್ನಷ್ಟೇ ತೋರಿಸಿ ಜಾಣತನ ಮೆರೆಯುತ್ತಿದ್ದರು. ರಾಯರು ಅವಳನ್ನು ನೆಟ್ಟಗೆ ಎದುರಿಗೇ ಕೂಡಿಸಿದರು. ಬಿಳಿಯ ಪರದೆಯನ್ನು ಹಿಂದೆ ಮುಂದೆ ಸರಿಸುತ್ತ ಅರ್ಧ ತಾಸು ಬೆಳಕನ್ನು ಕೂಸಿನಂತೆ ರಮಿಸಿದರು. ಅಚ್ಚಾಗಿ ಬಂದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದೆ. ಬಲಗಣ್ಣಲ್ಲಿ ಕಿಟಕಿ ಹೊಳೆಯುತ್ತಿತ್ತು, ಎಡಗಣ್ಣು ಮಂಜಾಗಿತ್ತು. ಆದರೂ ಅಷ್ಟು ತುಂಬಿದ ಮುಖವನ್ನು ಇಷ್ಟು ವರ್ಷ ಜೊತೆಗಿದ್ದೂ ನಾನು ನೋಡಿರಲಿಲ್ಲ. ನನ್ನ ಎರಡು ಕಣ್ಣೂ ನೆಟ್ಟಗಿದ್ದವು, ನೋಟವೊಂದೇ ಇರಲಿಲ್ಲ.

ಸೊಲ್ಲಾಪುರದ ವರನ ಕಡೆಯವರು ಚಿತ್ರವನ್ನು ಒಂದು ಮಾತೂ ಬರೆಯದೆ ಹಿಂದಿರುಗಿಸಿದರು. "ನಾ ಹೇಳಿರಲಿಲ್ಲೇನು?" ಎಂದು ರೇಗಿದೆ. ಗಂಗೂ ಲಕೋಟೆಯ ಮೇಲಿನ ವಿಳಾಸ ಹೊಡೆದುಹಾಕಿ, ಅದರಲ್ಲೇ ಚಿತ್ರವಿಟ್ಟು ನನ್ನ ಕೈಗೆ ಕೊಟ್ಟಳು. ಈ ಸಲ ದೌಂಡಿಗೆ ಕಳಿಸಿದೆ, ಅಲ್ಲಿಯ ರೈಲ್ವೆಯಲ್ಲಿ ತಂತಿ ಕಳಿಸುವ ತಾರು ಮಾಸ್ತರರೊಬ್ಬರಿಗೆ. ಉತ್ತರ ಬರಲಿಲ್ಲ; ಬಂದದ್ದು ಮುಂದಿನ ರವಿವಾರ ಸ್ವತಃ ಅವರೇ, ಒಬ್ಬರೇ, ಬೆವರಿನಲ್ಲಿ ತೊಯ್ದು. ಹೆಣ್ಣು ತೋರಿಸುವ ಶಾಸ್ತ್ರಕ್ಕೆ ನಾನು ಜಮಖಾನೆ ಹಾಸತೊಡಗಿದೆ.

"ನಾ ನೋಡೀನ್ರಿ, ಫೋಟೋದಾಗ," ಎಂದರು ಅವರು. "ಈಗ ಅವರು ನನ್ನ ನೋಡ್ಲಿ ಅಂತ ಬಂದೀನಿ."

ಗಂಗೂ ಅವಲಕ್ಕಿಯ ತಾಟು ಹಿಡಿದು ಬಂದಳು, ಕೆಳಗಿಟ್ಟಳು, ಎದುರಿಗೆ ಕೂತಳು. ತಲೆ ಎತ್ತಿ ಸಾವಕಾಶವಾಗಿ, ಅಂಚೆಕಾಗದ ಓದುವಷ್ಟು ಹೊತ್ತು ಅವರನ್ನು ನೋಡಿದಳು. ಮೊದಲು ನಾಚಿದ್ದು ಮಾಸ್ತರರೇ. ಅವಳು ಒಳಗೆ ಹೋಗಿ, ಬಾಗಿಲ ಮರೆಯಲ್ಲಿದ್ದ ಅವ್ವನಿಗೆ ನಮಗೆಲ್ಲ ಕೇಳಿಸುವಂತೆ ಹೇಳಿದಳು:

"ಭಾಳ ಛಲೋ ಇದ್ದಾರವ್ವಾ. ಹೂಂ ಅಂತ ಹೇಳು."