ನಾನು ತಡೆದ ಅಳು

ದೆವ್ವದ ಮಾತು ಯಾರಾದರೂ ಶುರು ಮಾಡಿದರೆ ಮೊದಲು ನಗುತ್ತಿದ್ದವನು ನಾನೇ. ನಗುವುದು ನನ್ನ ಕೆಲಸದ ಭಾಗವೂ ಆಗಿತ್ತು. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗ ಬಿಟ್ಟು ಸುವಾರ್ತೆ ಸಾರಲು ಹೊರಟವನು ನಾನು. ಬೀಳಗಿ ಕಡೆ ಹೊಳೆದಂಡೆಯ ಲಂಬಾಣಿ ತಾಂಡಾದಲ್ಲಿ ತಗಡಿನ ಪ್ರಾರ್ಥನಾ ಮನೆ ಕಟ್ಟಿಸಿ, ಕಡೆಯ ದಿನದವರೆಗೆ ಸತ್ತವರು ಎದ್ದು ಬರುವುದಿಲ್ಲ ಎಂದು ಆರು ವರ್ಷ ಬೋಧಿಸಿದೆ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದೇನಿಲ್ಲ.

ಆ ತಾಂಡಾದಲ್ಲಿ ಮೊದಲು ದೀಕ್ಷಾಸ್ನಾನ ಪಡೆದವಳು ಸೋಮಲಿಬಾಯಿ ಎಂಬ ವಿಧವೆ. ಎಲ್ಲರೂ ನನ್ನನ್ನು ಪಾಸ್ಟರ್ ಎಂದರೆ ಅವಳೊಬ್ಬಳೇ 'ಮಗ್ಗದಯ್ಯ' ಎನ್ನುತ್ತಿದ್ದಳು. ಅಲ್ಲಿನ ಹೆಂಗಸರದು ಒಂದು ಪದ್ಧತಿ. ಬಹಳ ದಿನದ ಮೇಲೆ ಯಾರಾದರೂ ಭೇಟಿಯಾದರೆ ಕೊರಳಿಗೆ ಬಿದ್ದು, ಹೆಸರು ಹಿಡಿದು, ರಾಗವಾಗಿ ಅಳುತ್ತಾರೆ. ಯಾರಾದರೂ ಸತ್ತರೂ ಹಾಗೆಯೇ. ಹೊರಗಿನವನಾದ ನನ್ನ ಕಿವಿಗೆ ಎರಡೂ ಒಂದೇ ರಾಗ.

ಬಾಡಗಂಡಿ ಕಡೆ ಕಬ್ಬು ಕಡಿಯಲು ಹೋಗಿದ್ದ ಅವಳ ಒಬ್ಬನೇ ಮಗ ಹಾವು ಕಚ್ಚಿ ಸತ್ತ. ಹೆಣ ಬಂದಾಗ ಅವಳು ಅಳಲು ಬಾಯಿ ತೆರೆದಳು. ನಾನು ತಡೆದೆ.

"ಅಳಬ್ಯಾಡ ಯಾಡಿ," ಎಂದೆ. ಯಾಡಿ ಎಂದರೆ ಅವರಲ್ಲಿ ತಾಯಿ. "ಮಗ ದೇವರ ಹಂತ್ಯಾಕ ಹೋಗ್ಯಾನ. ಅತ್ತರ ನಂಬಿಕಿ ಇಲ್ಲ ಅಂದಂಗ ಆಕ್ಕೈತಿ."

"ಒಂದ ಸಲ ಅಳ್ತೇನ್ರಿ ಮಗ್ಗದಯ್ಯಾ. ಹೆಸರ ಹಿಡದು ಅಳಲಿಲ್ಲಂದ್ರ ಅಂವಗ ಹಾದಿ ಹೆಂಗ ತಿಳೀಬೇಕ್ರಿ?"

"ಅದೆಲ್ಲಾ ಹಳೀದು. ಬಿಡು."

ಬಿಟ್ಟಳು. ಮಾತನ್ನೂ ಬಿಟ್ಟಳು, ಬರಬರುತ್ತ ಊಟವನ್ನೂ ಬಿಟ್ಟಳು. ಎರಡು ತಿಂಗಳಿಗೆ ತೀರಿಕೊಂಡಳು. ನನ್ನ ಬೋಧನೆಯಂತೆ ಅವಳಿಗಾಗಿಯೂ ಯಾರೂ ಅಳಲಿಲ್ಲ. ಎಂಥ ಗಟ್ಟಿ ವಿಶ್ವಾಸಿಗಳು ಎಂದು ನಾನು ಹೆಮ್ಮೆಪಟ್ಟೆ. ಆ ಹೆಮ್ಮೆ ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮುಂದೆ ಆಣೆಕಟ್ಟಿನ ಹಿನ್ನೀರು ಏರತೊಡಗಿ, ತಾಂಡಾದವರು ಎತ್ತರದ ಜಾಗಕ್ಕೆ ಹೋದರು. ಪ್ರಾರ್ಥನಾ ಮನೆಯ ತಗಡು, ಬೆಂಚು ತರಲು ಮುಧೋಳದಿಂದ ಒಂದು ಟೆಂಪೋ ಮಾಡಿಕೊಂಡು ಹೋದೆ. ಮಟಮಟ ಮಧ್ಯಾಹ್ನ. ಅಲ್ಲಿ ಒಂದು ನಾಯಿಯೂ ಉಳಿದಿರಲಿಲ್ಲ. ಬಾಗಿಲಿಗೆ ನಾನೇ ಹಾಕಿದ್ದ ಬೀಗ, ಕೀಲಿ ನನ್ನ ಕಿಸೆಯಲ್ಲಿ. ಬೀಗಕ್ಕೆ ಕೈ ಹಚ್ಚಿದಾಗ ಒಳಗಿನಿಂದ ಆ ರಾಗ ಕೇಳಿಸಿತು. ಮಗ್ಗದ ಸದ್ದಿಗೆ ಮಂದವಾದ ಕಿವಿ ನನ್ನದು, ಭ್ರಮೆ ಎಂದುಕೊಂಡೆ. ಅಷ್ಟರಲ್ಲಿ, ಆ ಕಡೆ ಎಂದೂ ಬಂದಿರದ ಡ್ರೈವರ್ ಹತ್ತಿರ ಬಂದ.

"ಒಳಗ ಯಾರೋ ಹೆಣ್ಮಗಳು ಅಳಾಕತ್ತಾಳಲ್ರಿ. ಮಗ್ಗದಯ್ಯಾ, ಮಗ್ಗದಯ್ಯಾ ಅನ್ನಾಕತ್ತಾಳ. ಯಾರ್ರೀ ಅಂವಾ?"

ಆ ಹೆಸರನ್ನು ನಾನು ಅವನಿಗೆ ಹೇಳಿರಲಿಲ್ಲ. ಬಾಗಿಲು ತೆಗೆದೆ. ದನಿ ನಿಂತಿತು. ಬೆಂಚುಗಳಿದ್ದವು, ನೆಲದ ತುಂಬ ಧೂಳಿತ್ತು, ಧೂಳಿನಲ್ಲಿ ಒಂದು ಹೆಜ್ಜೆಯೂ ಇರಲಿಲ್ಲ. ಏನನ್ನೂ ಮುಟ್ಟದೆ ಎಲ್ಲವನ್ನೂ ನೀರಿಗೆ ಬಿಟ್ಟು ಬಂದೆವು.

ಬೋಧನೆ ಬಿಟ್ಟು ಮತ್ತೆ ಮಗ್ಗಕ್ಕೆ ಬಂದಿದ್ದೇನೆ. ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ. ಸೋಮಲಿಬಾಯಿ ಬಹಳ ದಿನಕ್ಕೆ ನನ್ನನ್ನು ಕಂಡು ಅತ್ತಳೋ, ನಾನೇ ಸತ್ತವನೆಂದು ಅತ್ತಳೋ? ತಡೆಯಲಾರದೆ ಹೊಸ ತಾಂಡಾಕ್ಕೆ ಹೋಗಿ ಒಬ್ಬ ಮುದುಕಿಯನ್ನು ಕೇಳಿದೆ.

"ಎರಡೂ ಬ್ಯಾರೆ ಬ್ಯಾರೆ ಅದಾವ್ರಿ. ಕೇಳಿದ್ರ ಹೇಳ್ತೇನಿ," ಎಂದಳು. "ಆಕಿ ಹೆಂಗ ಅತ್ತಳು, ಒಂದೀಟು ಅತ್ತು ತೋರಸ್ರಿ."

ಬಾಯಿ ತೆರೆದೆ. ನನಗೆ ಅಳು ಬರಲಿಲ್ಲ.