ನುಂಗಿದ ಕೆಮ್ಮು

ಮಗಳಿಗೆ ಹರ್ನಿಯಾ ಆಪರೇಷನ್. ಬೆಳಿಗ್ಗೆ ನಿಪ್ಪಾಣಿಯ ಆಸ್ಪತ್ರೆಯಲ್ಲಿ ನಾನು, ಅತ್ತೆ, ಐದು ವರ್ಷದ ಮಗಳು. ತಾನೂ ಇದ್ದೆ ಎಂದು ಗಂಡ ಹೇಳುತ್ತಾನೆ. ನನ್ನ ನೆನಪಿನಲ್ಲಿ ಅವನ ಜಾಗದಲ್ಲಿ ಒಂದು ಚಹಾದ ಕಪ್ಪು ಇದೆ.

ಹಿಂದಿನ ವಾರವಷ್ಟೇ ಅವಳಿಗೆ ನೆಗಡಿ, ಜ್ವರ ಬಂದಿತ್ತು. ಕೆಮ್ಮು ಇನ್ನೂ ಉಳಿದಿತ್ತು. ಹೇಳಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಆದರೆ ಅವಳನ್ನು ನೋಡಿಕೊಳ್ಳಲು ಅಥಣಿಯಿಂದ ನಾದಿನಿ, ಜುಗೂಳದಿಂದ ಚಿಕ್ಕತ್ತೆ ಆಗಲೇ ಬಂದು ಕೂತಿದ್ದರು.

“ನೆಗಡಿ ಇಲ್ಲಂತ ನೀನ ಹೇಳವಾ,” ಎಂದರು ಅತ್ತೆ. “ನಾ ಈಗರ ಬಸ್ತಿಗೆ ಹೋಗಿ ಕೈ ಮುಗದ ಬಂದೀನಿ, ಸುಳ್ಳ ಹೇಳಾಕ ಬರೂದಿಲ್ಲ.” ಮಗಳ ಕಡೆ ಬಾಗಿ, “ಕೆಮ್ಮು ಬಂದ್ರ ನುಂಗ ಬಿಡು,” ಎಂದರು.

ಪ್ರಜ್ಞೆ ತಪ್ಪಿಸುವ ಮದ್ದು, ನಮ್ಮ ಕಡೆಯ ಮಾತಿನಲ್ಲಿ ಭೂಲು, ಕೊಡುವ ಡಾಕ್ಟರ್ ಕೇಳಿದರು: “ಈಗೀಗ ನೆಗಡಿ, ಕೆಮ್ಮು ಏನರ ಬಂದಿತ್ತೇನ್ರಿ?”

“ಇಲ್ರಿ,” ಎಂದೆ. ಅಂದು ಆಡಿದ ಮಾತುಗಳಲ್ಲಿ ಹೀಗೇ ಇತ್ತೆಂದು ನಾನು ಆಣೆ ಮಾಡಬಲ್ಲ ಪದ ಇದೊಂದೇ.

ಮಗಳ ಕೆನ್ನೆ ಉಬ್ಬಿತು. ಮುಖ ಕೆಂಪಾಯಿತು.

“ಬಾಯಾಗ ಏನೈತಿ? ಕದ್ದ ತಿಂದಿಯೇನು? ಆ ಅನ್ನು,” ಎಂದರು ಡಾಕ್ಟರ್.

ಮಗಳು ಬಾಯಿ ತೆರೆದಳು. ಅಷ್ಟೂ ಕೆಮ್ಮು ಡಾಕ್ಟರ ಕನ್ನಡಕದ ಮೇಲೆ ಬಿತ್ತು.

“ತಂಬಾಕಿನ ಧೂಳ್ರೀ,” ಎಂದರು ಅತ್ತೆ. “ನಿಪ್ಪಾಣ್ಯಾಗ ಯಾರ ಕೆಮ್ಮೂದಿಲ್ರಿ?” ಅದು ಸುಳ್ಳಲ್ಲ, ಬರೀ ಪ್ರಶ್ನೆ ಎಂಬುದು ಅವರ ಇಂದಿನ ವಾದ.

“ಧೂಳಾದ್ರ ಇನ್ನೂ ಕೆಟ್ಟ, ಆಯಿ,” ಎಂದರು ಡಾಕ್ಟರ್ ಅತ್ತೆಗೆ.

“ಧೂಳಲ್ಲ, ನೆಗಡಿ!” ಎಂದಳು ಮಗಳು. “ಆಯೀನ ನನಗ ಕೆಮ್ಮು ನುಂಗು ಅಂದ್ಲು.”

ಡಾಕ್ಟರ್ ನಗಲಿಲ್ಲ. “ನೆಗಡಿ ಹೋದ್ರೂ ಉಸಿರಿನ ದಾರಿ ಇನ್ನಾ ಕೆರಳಿರತೈತ್ರಿ. ಭೂಲು ಕೊಟ್ಟಾಗ ಗಂಟಲ ಗಪ್ಪನ ಮುಚ್ಕೊಂಡ್ರ? ಇದೇನ ಅವಸರದ ಆಪರೇಷನ್ ಅಲ್ಲ. ಕೆಮ್ಮು ಪೂರಾ ಹೋಗಿ ಕೆಲವು ವಾರ ಆಗ್ಲಿ. ಅಷ್ಟರಾಗ ಹರ್ನಿಯಾದ ಗಂಟು ಗಟ್ಟಿಯಾಗಿ ನೋವಾದ್ರ, ವಾಂತಿ ಆದ್ರ ಮಾತ್ರ ಓಡಿ ಬರ್ರಿ.”

ನನ್ನ ಕೈ ಮಗಳ ಬೆನ್ನ ಮೇಲಿತ್ತು. ಉಸಿರಿಗೆ ಬೆನ್ನು ಏರುತ್ತ ಇಳಿಯುತ್ತ ಇತ್ತು. ಅಲ್ಲಿಯವರೆಗೆ ನಾನದನ್ನು ಗಮನಿಸಿರಲೇ ಇಲ್ಲ.

ಎರಡನೆಯ ಸಲ ಹೋದಾಗ ಡಾಕ್ಟರ್ ಅದೇ ಪ್ರಶ್ನೆ ಕೇಳಿದರು. ಅತ್ತೆ ನನ್ನನ್ನು ಸರಿಸಿ ಮುಂದೆ ಬಂದರು. “ಕೆಮ್ಮು ಹೋಗಿ ತಿಂಗಳಾತ್ರಿ. ನಿನ್ನೆ ಒಗ್ಗರಣಿ ಘಾಟಿಗೆ ಒಮ್ಮೆ ಸೀನ್ಯಾಳ. ನಾನೂ ಸೀನೀನಿ. ಎಮ್ಮೀನೂ…”

“ಆಯಿ, ಭೂಲು ಕೂಸಿಗಷ್ಟ ಕೊಡಾವ್ರು ನಾವು.”

ಡಾಕ್ಟರ್ ಮಗಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ ಅವಳನ್ನು ಒಳಗೆ ಕರೆದೊಯ್ದರು. ಎಷ್ಟು ಹೊತ್ತು ಕಾದೆವೋ, ಆ ಬಗ್ಗೆ ನನ್ನ ಮಾತು ನಂಬಬೇಡಿ. ಕೊನೆಗೆ ಒಳಗಿನಿಂದ ಅಳು ಕೇಳಿತು. ಇಡೀ ವಾರ್ಡಿಗೇ ಕೇಳುವಂಥ, ಗಂಟಲು ಬಿಚ್ಚಿದ, ರೊಚ್ಚಿನ ಅಳು. ಸಮಾಧಾನ ಮಾಡಲು ಎದ್ದೆ.

ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು. “ಒಂದೀಟ ಅಳ್ಳಿ ತಡಿಯವಾ. ಕೇಳೂಣು.”